ಜೀನಗಾರನ ಹೆಸರು, ಸಮಗಾರನ ಹೊಲಿಗೆ

ಸಾಂಬ್ರಾದ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬಯಿಗೋ ಹೊರಡುವವರ ಚೀಲಗಳಲ್ಲಿ ಎರಡು ವಸ್ತುಗಳು ಸಾಮಾನ್ಯ. ಒಂದು ಕುಂದಾ, ಇನ್ನೊಂದು ಕೊಲ್ಹಾಪುರಿ ಚಪ್ಪಲಿ. ಕುಂದಾದ ಡಬ್ಬಿಯ ಮೇಲೆ ಬೆಳಗಾವಿಯ ಹೆಸರಿರುತ್ತದೆ, ಮಾಡಿದ ಅಂಗಡಿಯ ಹೆಸರೂ ಇರುತ್ತದೆ. ಚಪ್ಪಲಿಯ ಕಥೆ ಬೇರೆ. ಅದು ಇದೇ ಜಿಲ್ಲೆಯ ಅಥಣಿಯಲ್ಲೋ ನಿಪ್ಪಾಣಿಯಲ್ಲೋ ತಯಾರಾಗಿದ್ದರೂ ಅದಕ್ಕಿರುವುದು ನೆರೆಯ ರಾಜ್ಯದ ಊರಿನ ಹೆಸರು. ಇನ್ನು ಅದರ ಅಟ್ಟೆಯನ್ನು ಹೊಲಿದವನ ಹೆಸರಾಗಲಿ, ಮೇಲಿನ ತೊಗಲಿನ ಜಡೆಯನ್ನು ಹೆಣೆದವಳ ಹೆಸರಾಗಲಿ ಎಲ್ಲಿಯೂ ಕಾಣಸಿಗದು.

ಇದು ಅಷ್ಟು ದೊಡ್ಡ ಸಂಗತಿಯೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಜಗತ್ತಿನ ಅತಿ ದುಬಾರಿ ಉಡುಗೆ ತೊಡುಗೆಗಳ ವ್ಯಾಪಾರವೆಲ್ಲ ನಿಂತಿರುವುದು ಇದೇ ಪ್ರಶ್ನೆಯ ಮೇಲೆ. ಕೈಯಿಂದ ಮಾಡಿದ ವಸ್ತುವಿನ ಮೇಲೆ ಯಾರ ಹೆಸರಿರಬೇಕು? ಆ ಹೆಸರಿನಿಂದ ಬರುವ ಲಾಭ ಯಾರಿಗೆ ಸೇರಬೇಕು? ಈ ಪ್ರಶ್ನೆಗೆ ಪ್ಯಾರಿಸಿನ ಒಂದು ಮನೆತನ ಸುಮಾರು 190 ವರ್ಷಗಳಿಂದ ತನ್ನದೇ ಉತ್ತರ ಕೊಡುತ್ತ ಬಂದಿದೆ. ಆ ಮನೆತನದ ಹೆಸರು ಎರ್ಮೆಸ್. ಅವರದೂ ತೊಗಲಿನ ಕಸುಬೇ. ಆದ್ದರಿಂದ ಬೆಳಗಾವಿ ಸೀಮೆಯವರಾದ ನಾವು ಅವರ ಇತಿಹಾಸವನ್ನು ಅಥಣಿಯ ಸಮಗಾರರ ಇತಿಹಾಸದ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಅರ್ಥವಿದೆ.

ಕುದುರೆಗೆ ಹೊಲಿದ ಮನೆ

ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ಅದರ ಮರುವರ್ಷ, ಅಂದರೆ 1837ರಲ್ಲಿ, ಥಿಯೆರಿ ಎರ್ಮೆಸ್ ಎಂಬಾತ ಪ್ಯಾರಿಸಿನಲ್ಲಿ ಕುದುರೆ ಸಾಮಾನಿನ ಕಾರ್ಖಾನೆಯೊಂದನ್ನು ತೆರೆದ. ಈತ ಹುಟ್ಟಿದ್ದು 1801ರಲ್ಲಿ, ಕ್ರೇಫೆಲ್ಡ್ ಎಂಬ ಊರಿನಲ್ಲಿ. ಇಂದು ಜರ್ಮನಿಯಲ್ಲಿರುವ ಆ ಊರು ಆಗ ಫ್ರಾನ್ಸಿನ ಆಡಳಿತದಲ್ಲಿತ್ತು. ಗಾಡಿಯ ಕುದುರೆಗಳಿಗೆ ಬೇಕಾದ ಕಡಿವಾಣ, ಲಗಾಮು, ಪಟ್ಟಿಗಳನ್ನು ಈತ ಹೊಲಿಯುತ್ತಿದ್ದ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಆತನೊಬ್ಬ ಜೀನಗಾರ.

ಆ ಕಾಲದ ಪ್ಯಾರಿಸ್ ಕುದುರೆಗಳ ಊರು. ಶ್ರೀಮಂತನ ಅಂತಸ್ತನ್ನು ಜನ ಅಳೆಯುತ್ತಿದ್ದದ್ದು ಅವನ ಗಾಡಿಯಿಂದ, ಗಾಡಿಯ ಅಂದವನ್ನು ಅಳೆಯುತ್ತಿದ್ದದ್ದು ಕುದುರೆಯ ಮೈಮೇಲಿನ ತೊಗಲಿನಿಂದ. ಓಡುವ ಕುದುರೆಯ ಪಟ್ಟಿ ನಡುದಾರಿಯಲ್ಲಿ ಹರಿದರೆ ಗಾಡಿಯಲ್ಲಿ ಕುಳಿತವನ ಪ್ರಾಣಕ್ಕೇ ಅಪಾಯ. ಆದ್ದರಿಂದ ಹೊಲಿಗೆ ಚೆಂದವಾಗಿದ್ದರೆ ಸಾಲದು, ಗಟ್ಟಿಯಾಗಿಯೂ ಇರಬೇಕು. ಥಿಯೆರಿ ಎರ್ಮೆಸನ ಹೊಲಿಗೆಗೆ ಈ ಎರಡೂ ಗುಣಗಳಿದ್ದವು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆತನ ಕೆಲಸಕ್ಕೆ ಪದಕ ದೊರೆಯಿತು. 1878ರಲ್ಲಿ ಆತ ತೀರಿಕೊಂಡ. ಮಗ ಶಾರ್ಲ್ ಎಮಿಲ್ 1880ರಲ್ಲಿ ಅಂಗಡಿಯನ್ನು ಫೋಬೂರ್ ಸೇಂಟ್ ಒನೊರೆ ಬೀದಿಯ 24ನೇ ನಂಬರಿನ ಕಟ್ಟಡಕ್ಕೆ ಒಯ್ದು, ಕಡಿವಾಣದ ಜೊತೆಗೆ ಜೀನುಗಳನ್ನೂ ಮಾಡತೊಡಗಿದ. ಸಂಸ್ಥೆಯ ಮುಖ್ಯ ಮಳಿಗೆ ಇಂದಿಗೂ ಅಲ್ಲಿಯೇ ಇದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದು ಐಷಾರಾಮದ ಹೆಸರುಗಳೆಂದು ಜಗತ್ತು ಕೊಂಡಾಡುವ ಮನೆಗಳಲ್ಲಿ ಹಲವು ಹುಟ್ಟಿದ್ದು ತೊಗಲಿನ ಕೆಲಸದಿಂದ, ಇಲ್ಲವೇ ಪೆಟ್ಟಿಗೆ ಚೀಲಗಳ ವ್ಯಾಪಾರದಿಂದ. ಲೂಯಿ ವಿಟಾನ್ 1854ರಲ್ಲಿ ಪ್ಯಾರಿಸಿನಲ್ಲಿ ಅಂಗಡಿಯಿಟ್ಟದ್ದು ಪ್ರಯಾಣದ ಪೆಟ್ಟಿಗೆ ಮಾಡುವುದಕ್ಕೆ. ಮಾರಿಯೋ ಪ್ರಾಡಾ 1913ರಲ್ಲಿ ಮಿಲಾನಿನಲ್ಲಿ ತೆರೆದದ್ದು ತೊಗಲಿನ ಸಾಮಾನುಗಳ ಅಂಗಡಿ. 1921ರಲ್ಲಿ ಫ್ಲಾರೆನ್ಸಿನಲ್ಲಿ ಶುರುವಾದ ಗುಚ್ಚಿಯದೂ ಅದೇ ಬಗೆ. ತೊಗಲಿನ ವಾಸನೆಯಲ್ಲೇ ಬೆಳೆದ ಮನೆತನಗಳ ಹೆಸರನ್ನು ಇಂದು ರಾಣಿಯರೂ ಸಿನಿಮಾ ತಾರೆಯರೂ ಹೆಮ್ಮೆಯಿಂದ ತೋಳಿಗೆ ತೂಗುಹಾಕಿಕೊಳ್ಳುತ್ತಾರೆ.

ಕುದುರೆ ಹೋಯಿತು, ಹೊಲಿಗೆ ಉಳಿಯಿತು

ಮೋಟಾರು ಬಂದಾಗ ಜೀನು ಹೊಲಿಯುವವನ ಗತಿಯೇನು? ನಮ್ಮ ನಾಡಿನಲ್ಲಿ ಇದರ ಉತ್ತರ ಕಣ್ಣೆದುರಿಗೇ ಇದೆ. ಸಂಸ್ಥಾನಗಳ ದಂಡುಗಳು ಕರಗಿ, ಕುದುರೆಗಳು ಕಡಿಮೆಯಾದ ಹಾಗೆಲ್ಲ ನಮ್ಮ ಜೀನಗಾರರು ಬಣ್ಣದ ಕೆಲಸ, ಮರದ ಕೆಲಸ, ಲೋಹದ ಕೆಲಸಗಳಿಗೆ ಹೊರಳಿದರು. ಜೀನಗಾರ ಎಂಬುದು ಅಡ್ಡಹೆಸರಾಗಿ ಉಳಿಯಿತು, ಜೀನು ಉಳಿಯಲಿಲ್ಲ.

ಇದೇ ಸಂಕಟ ಎರ್ಮೆಸ್ ಮನೆಗೂ ಬಂತು. ಥಿಯೆರಿಯ ಮೊಮ್ಮಗ ಎಮಿಲ್ ಮೋರಿಸ್ ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಉತ್ತರ ಅಮೆರಿಕಕ್ಕೆ ಹೋಗಿದ್ದ. ಅಲ್ಲಿ ಕುದುರೆಗಳ ಕಾಲ ಮುಗಿಯುತ್ತ ಬಂದುದನ್ನು ಕಣ್ಣಾರೆ ಕಂಡ. ಮೋಟಾರಿನ ಮೇಲ್ಹೊದಿಕೆಯನ್ನು ಎಳೆದು ಮುಚ್ಚುವ ಹೊಸ ಸಾಧನವೊಂದನ್ನೂ ಕಂಡ. ಅದೇ ಇಂದು ನಮಗೆಲ್ಲ ಗೊತ್ತಿರುವ ಜಿಪ್ಪು. ಆತ ಅದನ್ನು ಫ್ರಾನ್ಸಿನಲ್ಲಿ ಬಳಸುವ ಹಕ್ಕನ್ನು ಪಡೆದು ತಂದು ತೊಗಲಿನ ಉಡುಪಿಗೂ ಚೀಲಕ್ಕೂ ಹೊಲಿದ. ಕೆಲಕಾಲ ಫ್ರೆಂಚರು ಜಿಪ್ಪನ್ನೇ ಎರ್ಮೆಸ್ ಕೊಂಡಿ ಎಂದು ಕರೆಯುತ್ತಿದ್ದರು.

ಎಮಿಲ್ ಮೋರಿಸ್ ತೆಗೆದುಕೊಂಡ ನಿರ್ಧಾರದಲ್ಲೇ ಈ ಮನೆಯ ಜಾಣತನವೆಲ್ಲ ಅಡಗಿದೆ. ಕುದುರೆ ಹೋದರೂ ಕುದುರೆಯ ಹೊಲಿಗೆಯನ್ನು ಬಿಡಕೂಡದು, ಕಾರಿನಲ್ಲಿ ಕೂರುವವರ ಚೀಲಕ್ಕೆ ಅದೇ ಹೊಲಿಗೆಯನ್ನು ಹಾಕಬೇಕು ಎಂದು ಆತ ಬಗೆದ. ಜೀನನ್ನು ಒಯ್ಯುವುದಕ್ಕೆಂದು 1900ರ ಸುಮಾರಿಗೆ ಮಾಡಿದ್ದ ಎತ್ತರದ ಚೀಲವೊಂದು ಮುಂದಿನ ಕೈಚೀಲಗಳಿಗೆಲ್ಲ ಮೂಲವಾಯಿತು. 1937ರಲ್ಲಿ ರೇಷ್ಮೆಯ ಚೌಕಾಕಾರದ ಶಿರೋವಸ್ತ್ರ ಬಂತು. ಎಮಿಲ್ ಮೋರಿಸನ ಅಳಿಯ ರಾಬರ್ ಡ್ಯೂಮಾ 1930ರ ದಶಕದಲ್ಲಿ ರೂಪಿಸಿದ ಕೈಚೀಲವನ್ನು 1956ರಲ್ಲಿ ಮೊನಾಕೋದ ರಾಣಿ, ಹಿಂದೆ ಹಾಲಿವುಡ್ ತಾರೆಯಾಗಿದ್ದ ಗ್ರೇಸ್ ಕೆಲ್ಲಿ, ತುಂಬಿದ ಬಸಿರನ್ನು ಮರೆಮಾಡಲು ಹಿಡಿದುಕೊಂಡ ಛಾಯಾಚಿತ್ರ ಲೋಕಪ್ರಸಿದ್ಧವಾಯಿತು. ಆ ಚೀಲಕ್ಕೆ ಕೆಲ್ಲಿ ಎಂಬ ಹೆಸರೇ ನಿಂತಿತು.

1980ರ ದಶಕದ ಮೊದಲ ವರ್ಷಗಳಲ್ಲಿ, ಪ್ಯಾರಿಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ ಜೇನ್ ಬರ್ಕಿನ್ ಪಕ್ಕದಲ್ಲಿ ಕುಳಿತವರು ರಾಬರನ ಮಗ ಝಾನ್ ಲೂಯಿ ಡ್ಯೂಮಾ. ಮಗುವನ್ನು ಸಂಭಾಳಿಸುವ ತಾಯಿಗೆ ಒಪ್ಪುವ ಅಗಲವಾದ ಚೀಲವೇ ಸಿಗುವುದಿಲ್ಲವೆಂದು ಆಕೆ ಗೊಣಗಿದಳಂತೆ. ಆ ಮಾತುಕತೆಯಿಂದ 1984ರಲ್ಲಿ ಬಂದದ್ದೇ ಬರ್ಕಿನ್ ಚೀಲ. ಇಂದು ಹೊಸ ಬರ್ಕಿನ್ನಿನ ಬೆಲೆ ಹತ್ತು ಲಕ್ಷ ರೂಪಾಯಿಯ ಆಸುಪಾಸು, ದುಡ್ಡಿದ್ದರೂ ಕೇಳಿದ ಕೂಡಲೇ ಸಿಗುವುದಿಲ್ಲ. ಆ ನಟಿಗಾಗಿ ಮಾಡಿದ ಮೊಟ್ಟಮೊದಲ ಚೀಲ 2025ರ ಜುಲೈ ತಿಂಗಳಿನಲ್ಲಿ ಪ್ಯಾರಿಸಿನ ಹರಾಜಿನಲ್ಲಿ 86 ಲಕ್ಷ ಯೂರೋಗೆ, ಅಂದರೆ ಸುಮಾರು 86 ಕೋಟಿ ರೂಪಾಯಿಗೆ ಹೋಯಿತು. ಗೀರುಬಿದ್ದ, ಬಳಸಿ ಸವೆದ ಚೀಲ ಅದು.

ಎರಡು ಸೂಜಿ, ಒಂದು ದಾರ

ಹಾಗಾದರೆ ಈ ಹೊಲಿಗೆಯಲ್ಲಿ ಅಂಥ ವಿಶೇಷವೇನು? ಒಂದೇ ನಾರಗಸೆ ದಾರದ ಎರಡು ತುದಿಗೂ ಸೂಜಿ ಪೋಣಿಸುತ್ತಾರೆ. ದಾರಕ್ಕೆ ಜೇನುಮೇಣ ಸವರುತ್ತಾರೆ. ಆರಿಯಿಂದ ತೊಗಲಿಗೆ ತೂತು ಹಾಕಿ, ಒಂದೇ ತೂತಿನಲ್ಲಿ ಎರಡೂ ಸೂಜಿಗಳನ್ನು ಎದುರುಬದುರಾಗಿ ದಾಟಿಸಿ ಬಿಗಿಯುತ್ತಾರೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲುಸಾಲೇ ಬಿಚ್ಚಿಕೊಳ್ಳುತ್ತದೆ. ಈ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಇದು ಕುದುರೆಯ ಜೀನಿನ ಹೊಲಿಗೆ, ಎರ್ಮೆಸ್ ಕಂಡುಹಿಡಿದದ್ದೇನೂ ಅಲ್ಲ. ಜಗತ್ತಿನ ಹಲವು ಕಡೆ ಜೀನು ಹೊಲಿಯುವವರಿಗೆಲ್ಲ ಇದು ಗೊತ್ತಿತ್ತು. ಎರ್ಮೆಸ್ ಮಾಡಿದ್ದು ಅದನ್ನು ಬಿಡದೆ ಉಳಿಸಿಕೊಂಡದ್ದು.

ಒಂದು ಚೀಲಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆಗಳ ಕೆಲಸ. ಸಾಮಾನ್ಯವಾಗಿ ಒಂದು ಚೀಲವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ, ಇಲ್ಲವೇ ಒಬ್ಬಳೇ ಹೊಲಿಯುವುದು ಅಲ್ಲಿನ ಪದ್ಧತಿ. ಚೀಲದೊಳಗೆ ಮಾಡಿದವರ ಗುರುತಿನ ಅಚ್ಚು ಇರುತ್ತದೆ. ಮುಂದೆಂದಾದರೂ ದುರಸ್ತಿಗೆ ಬಂದರೆ ಇದು ಯಾರ ಕೈಯ ಕೆಲಸವೆಂದು ಅದರಿಂದ ತಿಳಿಯಬಹುದು. ಸಂಸ್ಥೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕುಶಲಕರ್ಮಿಗಳಿದ್ದಾರೆ. 2021ರಿಂದ ತೊಗಲಿನ ಕೆಲಸ ಕಲಿಸುವ ಸ್ವಂತ ಶಾಲೆಯನ್ನೂ ಅದು ನಡೆಸುತ್ತಿದೆ, ಅಲ್ಲಿ ಕಲಿತವರಿಗೆ ಸರಕಾರಿ ಮಾನ್ಯತೆಯ ಪ್ರಮಾಣಪತ್ರ ಸಿಗುತ್ತದೆ.

ಹೊಲಿಗೆಯಷ್ಟೇ ಜೋಪಾನವಾಗಿ ಈ ಮನೆ ತನ್ನ ಹೆಸರನ್ನೂ ಕಾಯ್ದುಕೊಂಡಿದೆ. 1993ರಲ್ಲಿ ಷೇರುಗಳು ಪೇಟೆಗೆ ಬಂದವು. 2010ರಲ್ಲಿ, ವಿಟಾನ್ ಮತ್ತು ಡಿಯೋರ್ ಹೆಸರುಗಳನ್ನು ಈಗಾಗಲೇ ತನ್ನ ಕೈಯಲ್ಲಿಟ್ಟುಕೊಂಡಿದ್ದ ಬರ್ನಾರ್ ಆರ್ನೋ ಎಂಬ ಉದ್ಯಮಿಯ ಸಂಸ್ಥೆ ಸದ್ದಿಲ್ಲದೆ ಎರ್ಮೆಸಿನ ಷೇರುಗಳನ್ನು ರಾಶಿ ಹಾಕಿಕೊಂಡಿದೆ ಎಂಬ ಸುದ್ದಿ ಹೊರಬಿತ್ತು. ಥಿಯೆರಿಯ ವಂಶಸ್ಥರು ಒಗ್ಗೂಡಿ, ಅರ್ಧಕ್ಕಿಂತ ಹೆಚ್ಚು ಷೇರುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಹೊರಗಿನವರಿಗೆ ಮಾರದಂತೆ ಮಾಡಿದರು. 2014ರಲ್ಲಿ ಆರ್ನೋ ಹಿಂದೆಗೆಯಬೇಕಾಯಿತು. 2013ರಿಂದ ಸಂಸ್ಥೆಯನ್ನು ನಡೆಸುತ್ತಿರುವ ಆಕ್ಸೆಲ್ ಡ್ಯೂಮಾ ಆ ವಂಶದ ಆರನೆಯ ತಲೆಮಾರಿನವರು. 2025ರ ಏಪ್ರಿಲಿನಲ್ಲಿ ಒಂದು ದಿನ, ಷೇರುಪೇಟೆಯ ಲೆಕ್ಕದಲ್ಲಿ ಜೀನಗಾರನ ಮನೆಯ ಬೆಲೆ ಆರ್ನೋ ಸಾಮ್ರಾಜ್ಯದ ಬೆಲೆಯನ್ನೂ ಮೀರಿತ್ತು.

ಹೆಸರಿನ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಇನ್ನೊಂದು ಉದಾಹರಣೆ. ಕಂಪ್ಯೂಟರಿನಲ್ಲಿ ಮಾತ್ರ ಕಾಣುವ ಬರ್ಕಿನ್ ಚಿತ್ರಗಳನ್ನು ಅದೇ ಹೆಸರು ಸೇರಿಸಿ ಮಾರಿದ ಕಲಾವಿದನೊಬ್ಬನ ಮೇಲೆ ಎರ್ಮೆಸ್ ಅಮೆರಿಕದಲ್ಲಿ ದಾವೆ ಹೂಡಿತು. 2023ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಪಂಚರು ಆತ 1.33 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದರು. ತೊಗಲಿಲ್ಲ, ದಾರವಿಲ್ಲ, ಬರೀ ಹೆಸರು ಮತ್ತು ಚಿತ್ರ. ಅದಕ್ಕೂ ಬೆಲೆ ಕಟ್ಟಲಾಯಿತು.

ಕಕ್ಕೇರಿ ಮತ್ತು ಕಲ್ಯಾಣ

ಈಗ ನಮ್ಮ ಸೀಮೆಗೆ ಬರೋಣ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಡೋಹರ ಎಂದರೆ ತೊಗಲು ಹದಮಾಡುವವ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯೆದ್ದು ಶರಣರು ಉಳವಿಯತ್ತ ಹೊರಟಾಗ, ವಚನದ ಕಟ್ಟುಗಳನ್ನು ಕಾಯುತ್ತ ಬೆನ್ನಟ್ಟಿ ಬಂದ ಸೈನ್ಯದೊಡನೆ ಹೋರಾಡಿ ಆತ ಇಲ್ಲಿ ಮಡಿದನೆಂಬುದು ಜನ ನಂಬಿಕೊಂಡು ಬಂದ ಇತಿಹಾಸ. ತೊಗಲು ಹದಮಾಡುವ ಕಸುಬಿನ ಸಮುದಾಯ ಇಂದಿಗೂ ತನ್ನನ್ನು ಕಕ್ಕಯ್ಯ ಸಮಾಜವೆಂದು ಕರೆದುಕೊಳ್ಳುತ್ತದೆ.

ಕಕ್ಕಯ್ಯ ಹದಮಾಡುವವನಾದರೆ ಹರಳಯ್ಯ ಹೊಲಿಯುವವ, ಸಮಗಾರ. ಹರಳಯ್ಯ ಒಮ್ಮೆ ಶರಣು ಎಂದು ನಮಸ್ಕರಿಸಿದಾಗ ಬಸವಣ್ಣ ಎರಡು ಸಲ ಶರಣು ಹೇಳಿದನಂತೆ. ಹೆಚ್ಚಾಗಿ ಬಂದ ಆ ಒಂದು ಶರಣಿನ ಋಣವನ್ನು ತೀರಿಸಲೆಂದು ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಬಸವಣ್ಣನಿಗೆ ಪಾದರಕ್ಷೆ ಹೊಲಿದರೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ನಡೆದ ಮದುವೆಯಿಂದಲೇ ಕಲ್ಯಾಣ ಹೊತ್ತಿ ಉರಿದದ್ದು, ಬೀಗರಿಬ್ಬರೂ ಪ್ರಾಣ ತೆತ್ತದ್ದು.

ಈ ಇಬ್ಬರ ಹೆಸರನ್ನು ಇಲ್ಲಿ ತೆಗೆದದ್ದಕ್ಕೆ ಕಾರಣವಿದೆ. ಡೋಹರ, ಸಮಗಾರ ಎಂಬ ಕಸುಬಿನ ಹೆಸರುಗಳು ಕೀಳೆನಿಸಿದ್ದ ಕಾಲದಲ್ಲಿ ಅವರು ಅವುಗಳನ್ನು ಬಚ್ಚಿಡಲಿಲ್ಲ, ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಕಸುಬಿನ ಹೆಸರನ್ನು ಗೌರವದ ಹೆಸರಾಗಿಸುವ ಪ್ರಯತ್ನ, ಪ್ಯಾರಿಸಿನ ಜೀನಗಾರ ಅಂಗಡಿ ತೆರೆಯುವ ಆರೂವರೆ ಶತಮಾನ ಮೊದಲೇ ನಮ್ಮಲ್ಲಿ ನಡೆದಿತ್ತು. ಆದರೆ ಗದ್ದುಗೆಗೆ ಕೈಮುಗಿದ ಸಮಾಜ ಕಸುಬಿಗೆ ಕೈಮುಗಿಯಲಿಲ್ಲ. ತೊಗಲು ಮುಟ್ಟುವವನ ಮನೆ ಊರ ಹೊರಗೇ ಉಳಿಯಿತು. ಥಿಯೆರಿಯ ಮಗನಿಗೆ ಪ್ಯಾರಿಸಿನ ಶ್ರೀಮಂತರ ಬೀದಿಯಲ್ಲಿ ಅಂಗಡಿ ತೆರೆಯಲು ಯಾವ ಅಡ್ಡಿಯೂ ಇರಲಿಲ್ಲ. ನಮ್ಮ ಸಮಗಾರನಿಗೆ ಊರ ನಡುವಿನ ಪೇಟೆಯಲ್ಲಿ ತನ್ನ ಹೆಸರಿನ ಫಲಕ ತೂಗುಹಾಕುವುದು ತಲೆಮಾರುಗಳವರೆಗೆ ಕನಸಿನ ಮಾತಾಗಿತ್ತು. ಮಾಡುವವನು ಒಬ್ಬ, ಮಾರುವವನು ಇನ್ನೊಬ್ಬ ಎಂಬ ಪದ್ಧತಿ ಬೇರೂರಿದ್ದು ಹೀಗೆ. ವ್ಯಾಪಾರದಲ್ಲಿ ಹೆಸರು ನಿಲ್ಲುವುದು ಯಾವಾಗಲೂ ಮಾರುವವನದೇ.

ಅಥಣಿಯ ಜೋಡು, ಕೊಲ್ಹಾಪುರದ ಪೇಟೆ

ಕೊಲ್ಹಾಪುರಿ ಚಪ್ಪಲಿಯ ಕೆಲಸ ನೋಡಿದವರಿಗೆ ಅದರ ಕಷ್ಟ ಗೊತ್ತು. ತೊಗಲನ್ನು ರಾಸಾಯನಿಕಗಳಿಂದಲ್ಲದೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದಮಾಡುವುದು ಇದರ ಮೂಲ ಪದ್ಧತಿ. ಬಯಲುಸೀಮೆಯಲ್ಲಿ ಜಾಲಿಗೆ ಬರವಿಲ್ಲ. ಅಳಲೆಯ ಮರ ಖಾನಾಪುರದ ಕಡೆಯ ಘಟ್ಟದ ಕಾಡುಗಳಲ್ಲಿ ಬೆಳೆಯುತ್ತದೆ. ಹೀಗೆ ಹದವಾದ ಎಮ್ಮೆಯ ದಪ್ಪ ತೊಗಲು ಅಟ್ಟೆಯಾಗುತ್ತದೆ. ಅದನ್ನು ನೆನೆಸಿ, ಬಡಿದು, ಪಾದದ ಆಕಾರಕ್ಕೆ ಕತ್ತರಿಸಿ, ಪದರದ ಮೇಲೆ ಪದರವಿಟ್ಟು ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಅಸಲು ಜೋಡಿನಲ್ಲಿ ಒಂದೇ ಒಂದು ಮೊಳೆ ಇರುವುದಿಲ್ಲ. ಅಟ್ಟೆಯ ಎರಡು ಬದಿಗೆ ಕಿವಿಗಳು, ಅವನ್ನು ಕೂಡಿಸುವ ಅಡ್ಡಪಟ್ಟಿ, ಹೆಬ್ಬೆರಳಿಗೆ ಉಂಗುರ, ನಡುವೆ ಎಳೆಎಳೆಯಾಗಿ ಹೆಣೆದ ಜಡೆ, ಕೆಲವಕ್ಕೆ ಕೆಂಪು ಗೊಂಡೆ. ಕತ್ತರಿಸುವುದು, ಅಟ್ಟೆ ಹೊಲಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಜಡೆ ಹೆಣೆಯುವುದು, ಮೇಲ್ಭಾಗದ ಸೂಕ್ಷ್ಮ ಹೊಲಿಗೆ ಹೆಂಗಸರದು. ಮೊದಲ ಕೆಲವು ದಿನ ಕಾಲು ಕಚ್ಚಿದರೂ ಒಮ್ಮೆ ಎಣ್ಣೆ ಕುಡಿದು ಮೆತ್ತಗಾದರೆ, ಆ ಜೋಡು ತೊಟ್ಟವನ ಪಾದದ ಅಚ್ಚನ್ನೇ ಹೊತ್ತುಕೊಳ್ಳುತ್ತದೆ. ನಡೆದರೆ ಕರಕರ ಸದ್ದು. ಆ ಸದ್ದಿನಿಂದಲೇ ಊರ ಗೌಡರು ಬರುವುದು ಗೊತ್ತಾಗುತ್ತಿತ್ತೆಂದು ಹಳಬರು ಹೇಳುತ್ತಾರೆ.

ಇಂಥ ಜೋಡುಗಳ ಹಳೆಯ ಹೆಸರುಗಳು ಕಾಪಶಿ, ಪಾಯತಾಣ, ಬಕ್ಕಲನಾಳಿ, ಪುಕರಿ ಎಂದೆಲ್ಲ ಇದ್ದವು. ಇವು ಅವುಗಳನ್ನು ಮಾಡುತ್ತಿದ್ದ ಹಳ್ಳಿಗಳ ಹೆಸರುಗಳೆಂದು ಹೇಳುತ್ತಾರೆ. ಕೊಲ್ಹಾಪುರ ಸಂಸ್ಥಾನವನ್ನು 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಈ ಕಸುಬಿಗೂ ಕಸುಬಿನವರಿಗೂ ಬೆಂಬಲವಾಗಿ ನಿಂತರು. ಪೇಟೆ ಬೆಳೆಯಿತು. ಪೇಟೆಯ ಹೆಸರಿನಲ್ಲಿ ಹಳ್ಳಿಗಳ ಹೆಸರುಗಳು ಮುಳುಗಿದವು. ಅಥಣಿ, ನಿಪ್ಪಾಣಿಗಳಿಂದ ಹೋದ ಮಾಲೂ ಕೊಲ್ಹಾಪುರಿಯೇ ಆಯಿತು. ಆಗ ಎಲ್ಲವೂ ಮುಂಬಯಿ ಇಲಾಖೆಯ ಸೀಮೆ. 1956ರ ನವೆಂಬರ್ 1ರಂದು ಗಡಿಯ ಗೆರೆ ಬಿದ್ದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಮಾಡುವವರು ಗೆರೆಯ ಈಚೆ, ಹೆಸರು ಗೆರೆಯ ಆಚೆ ಎಂಬ ಸ್ಥಿತಿ ಅಂದಿನಿಂದ ಉಳಿಯಿತು.

ಭೌಗೋಳಿಕ ಸೂಚಿ ಎಂಬ ಮುದ್ರೆ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. ಒಂದು ಸೀಮೆಯ ವಿಶಿಷ್ಟ ವಸ್ತುವಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನು ಭಾರತದಲ್ಲಿ 1999ರಲ್ಲಿ ಆಯಿತು, 2003ರಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲಿ 1976ರಿಂದ ಇರುವ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಲಿಡ್ಕರ್, ಮಹಾರಾಷ್ಟ್ರದ ಅಂಥದೇ ನಿಗಮವಾದ ಲಿಡ್ಕಾಮ್ ಜೊತೆ ಸೇರಿ ಕೊಲ್ಹಾಪುರಿ ಚಪ್ಪಲಿಗೆ ಈ ಮುದ್ರೆ ಕೇಳಿತು. 2019ರಲ್ಲಿ ಮಾನ್ಯತೆ ಪ್ರಕಟವಾಯಿತು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಅತ್ತ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇತ್ತ. ಹೀಗೆ ಎಂಟು ಜಿಲ್ಲೆಗಳವರಿಗೆ ಮಾತ್ರ ಆ ಹೆಸರಿನ ಮೇಲೆ ಹಕ್ಕು. ಬೆಳಗಾವಿಗಾಗಿ ಸುಪ್ರೀಂ ಕೋರ್ಟಿನಲ್ಲಿ ಜಗಳವಾಡುತ್ತಿರುವ ಎರಡು ರಾಜ್ಯಗಳು ಚಪ್ಪಲಿಗಾಗಿ ಒಂದೇ ಕಾಗದಕ್ಕೆ ಸಹಿ ಹಾಕಿದವು ಎಂಬುದೇನೂ ಸಣ್ಣ ಮಾತಲ್ಲ.

ಮಿಲಾನಿನಲ್ಲಿ ಕಂಡ ಪಾದಗಳು

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಸಂಸ್ಥೆ ಗಂಡಸರ ಉಡುಪುಗಳ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಿನಲ್ಲಿದ್ದ ಜೋಡನ್ನು ಕಂಡ ನಮ್ಮ ಕಡೆಯ ಯಾವ ಹುಡುಗನಾದರೂ ಅದರ ಕುಲಗೋತ್ರ ಹೇಳಬಲ್ಲವನಾಗಿದ್ದ. ಸಂಸ್ಥೆ ಮಾತ್ರ ಅದನ್ನು ತೊಗಲಿನ ಚಪ್ಪಲಿ ಎಂದಷ್ಟೇ ಕರೆದಿತ್ತು. ಭಾರತದಲ್ಲಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಪ್ರಾಡಾ, ಈ ಜೋಡಿಗೆ ಭಾರತದ ಸಾಂಪ್ರದಾಯಿಕ ಪಾದರಕ್ಷೆಯೇ ಪ್ರೇರಣೆ ಎಂದು ಮಹಾರಾಷ್ಟ್ರದ ವಾಣಿಜ್ಯೋದ್ಯಮ ಮಂಡಲಿಗೆ ಬರೆದು ಒಪ್ಪಿಕೊಂಡಿತು. ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನು ಈ ಚರ್ಚೆಯಲ್ಲಿ ಮರೆಯಬಾರದೆಂದು ನೆನಪಿಸಬೇಕಾಯಿತು. ಗದ್ದಲದಲ್ಲಿಯೂ ಎದ್ದು ಕೇಳಿದ ಹೆಸರು ಕೊಲ್ಹಾಪುರದ್ದೇ.

ಕಾನೂನು ಏನು ಮಾಡಿತು? ಮುಂಬಯಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಕೇಳುವ ಹಕ್ಕಿರುವುದು ನೋಂದಾಯಿತ ಮಾಲೀಕರಿಗೆ, ಬೇರೆಯವರಿಗಲ್ಲ ಎಂಬುದು ಅದರ ಸಾರ. ಇಲ್ಲಿ ಇನ್ನೊಂದು ತೊಡಕೂ ಇದೆ. ಭೌಗೋಳಿಕ ಸೂಚಿ ಮುಖ್ಯವಾಗಿ ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಪ್ರಾಡಾ ಆಕಾರವನ್ನು ತೆಗೆದುಕೊಂಡಿತ್ತು, ಹೆಸರನ್ನು ಬಿಟ್ಟಿತ್ತು. ಅಲ್ಲದೆ ಒಂದು ದೇಶದಲ್ಲಿ ಪಡೆದ ಈ ಮುದ್ರೆ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಕರಕುಶಲ ವಸ್ತುಗಳ ಊರಹೆಸರುಗಳನ್ನು ಒಕ್ಕೂಟದ ಎಲ್ಲೆಡೆ ಒಂದೇ ನಿಯಮದಲ್ಲಿ ಕಾಯುವ ಯುರೋಪಿನ ಕಾನೂನು ಜಾರಿಗೆ ಬಂದದ್ದೇ 2025ರ ಡಿಸೆಂಬರ್ 1ರಿಂದ. ಬರ್ಕಿನ್ನಿನ ಚಿತ್ರಕ್ಕೆ ಸಿಕ್ಕ ರಕ್ಷಣೆ ಅಥಣಿಯ ತೊಗಲಿಗೆ ಸಿಗಲಿಲ್ಲ.

ಆದರೂ ಗದ್ದಲ ಪೂರ್ತಿ ವ್ಯರ್ಥವಾಗಲಿಲ್ಲ. 2025ರ ಡಿಸೆಂಬರಿನಲ್ಲಿ ಪ್ರಾಡಾ, ಲಿಡ್ಕಾಮ್, ಲಿಡ್ಕರ್ ಮೂವರೂ ಒಪ್ಪಂದಕ್ಕೆ ಬಂದರು. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ 2,000 ಜೋಡುಗಳನ್ನು ಮಾಡಿಸುವುದು, ಜಗತ್ತಿನ 40 ಮಳಿಗೆಗಳಲ್ಲಿ ಜೋಡಿಗೆ ಸುಮಾರು 800 ಯೂರೋ, ಅಂದರೆ 80 ಸಾವಿರ ರೂಪಾಯಿಗೂ ಮೇಲ್ಪಟ್ಟ ಬೆಲೆಗೆ ಮಾರುವುದು, ಕುಶಲಕರ್ಮಿಗಳಿಗೆ ತರಬೇತಿ ಕೊಡುವುದು ಎಂದು ಪ್ರಕಟಿಸಲಾಯಿತು. ಬೆಳಗಾವಿಯ ಅಂಗಡಿಗಳಲ್ಲಿ ಸಾವಿರ ರೂಪಾಯಿಯ ಆಚೀಚೆಗೆ ಒಳ್ಳೆಯ ಜೋಡು ಸಿಗುತ್ತದೆ. ನಡುವಣ ಅಂತರವನ್ನು ಓದುಗರೇ ಲೆಕ್ಕ ಹಾಕಬಹುದು.

ಹೆಸರಿನ ಬೆಲೆ

ಈ ಅಂತರ ಎಲ್ಲಿಂದ ಬಂತು? ತೊಗಲಿನಿಂದ ಅಲ್ಲ, ಹೊಲಿಗೆಯಿಂದಲೂ ಅಲ್ಲ. ಎರಡು ಸೂಜಿಯ ಹೊಲಿಗೆಗೆ ಮೊಳೆಯಿಲ್ಲದ ಅಟ್ಟೆ ಸಾಟಿಯಾಗಿ ನಿಲ್ಲಬಲ್ಲದು. ಅಂತರ ಬಂದಿರುವುದು ಹೆಸರನ್ನು ಕಟ್ಟಿಕೊಂಡ ಬಗೆಯಿಂದ. ಎರ್ಮೆಸ್ ಮನೆಯವರು ಮಾಡುವುದನ್ನೂ ಮಾರುವುದನ್ನೂ ಒಂದೇ ಕೈಯಲ್ಲಿ ಇಟ್ಟುಕೊಂಡರು. ಕಾಲ ಬದಲಾದಾಗ ವಸ್ತುವನ್ನು ಬದಲಿಸಿದರು, ಕೈಯ ಹದವನ್ನು ಬದಲಿಸಲಿಲ್ಲ. ಕಲಿಯುವವರಿಗೆ ಶಾಲೆ ತೆರೆದರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಊರಿನಲ್ಲಿ ತೊಗಲು ಹೊಲಿಯುವವನ ಮಗ ತನ್ನ ಕಸುಬನ್ನು ಹೇಳಿಕೊಳ್ಳಲು ನಾಚಬೇಕಾಗಿರಲಿಲ್ಲ.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಅಥಣಿಯಲ್ಲಿ ಸ್ವಸಹಾಯ ಗುಂಪುಗಳಾಗಿ ಸೇರಿದ ಹೆಣ್ಣುಮಕ್ಕಳು ಟೋಹೋಲ್ಡ್ ಎಂಬ ತಮ್ಮದೇ ಹೆಸರಿನಲ್ಲಿ ಚಪ್ಪಲಿಗಳನ್ನು ಹೊರದೇಶಗಳಿಗೆ ಕಳಿಸಿದ್ದುಂಟು. ಜೋಡಿಗೆ ಗುರುತಿನ ಸಂಕೇತ ಅಂಟಿಸಿ, ಅದನ್ನು ಮೊಬೈಲಿಗೆ ಹಿಡಿದರೆ ಮಾಡಿದವರ ವಿವರ ತಿಳಿಯುವ ವ್ಯವಸ್ಥೆಯನ್ನು ಲಿಡ್ಕಾಮ್ 2025ರಲ್ಲಿ ಆರಂಭಿಸಿತು. ದಾರಿ ಇದೇ. ಊರಿನ ಮುದ್ರೆ ಒಂದು ಬೇಲಿ ಇದ್ದ ಹಾಗೆ, ಹೊರಗಿನ ಕಳ್ಳನನ್ನು ತಡೆಯಬಲ್ಲದು. ಬೇಲಿಯೊಳಗಿನ ಬೆಳೆ ಯಾರ ಕಣಜಕ್ಕೆ ಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಮಾಡಿದವರ ಹೆಸರೇ ಬೇಕು.

ಹರಳಯ್ಯನ ಕಥೆಯಲ್ಲಿ ಪಾದರಕ್ಷೆಗಿಂತ ಮೊದಲು ಬರುವುದು ಒಂದು ಶರಣು. ಹೊಲಿಯುವವನಿಗೆ ಹೊಲಿಸಿಕೊಳ್ಳುವವನು ಎರಡು ಸಲ ತಲೆಬಾಗಿದ ಮೇಲೆ ಆ ಜೋಡು ಹುಟ್ಟಿತು. ಪ್ಯಾರಿಸಿನವರು ಅದನ್ನು ವ್ಯಾಪಾರದ ಭಾಷೆಗೆ ತಿರುಗಿಸಿಕೊಂಡು ಶ್ರೀಮಂತರಾದರು. ನಾವು ಕಥೆಯನ್ನು ಪುರಾಣದಲ್ಲಿಟ್ಟು, ಜೋಡನ್ನು ಅಂಗಡಿಯಲ್ಲಿಟ್ಟು, ನಡುವಿನ ಶರಣನ್ನು ಮರೆತೆವು. ಮುಂದಿನ ಸಲ ಖಡೇಬಜಾರಿನಲ್ಲಿ ಚಪ್ಪಲಿ ಕೊಳ್ಳುವಾಗ ಬೆಲೆ ಚೌಕಾಸಿಗೆ ಇಳಿಯುವ ಮೊದಲು, ಇದನ್ನು ಮಾಡಿದವರು ಯಾರು ಎಂದೊಮ್ಮೆ ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿರಬಹುದು. ಹತ್ತು ಗಿರಾಕಿಗಳು ಕೇಳಿದರೆ ಆತ ತಿಳಿದುಕೊಳ್ಳುತ್ತಾನೆ, ನೂರು ಜನ ಕೇಳಿದರೆ ಹೆಸರನ್ನು ಅಟ್ಟೆಯ ಮೇಲೆ ಒತ್ತಿಸುತ್ತಾನೆ.